ಹತ್ತಿ ಇಟ್ಟ ಕಿವಿ

ಜಗಳ ನಿಲ್ಲಿಸುವ ಯಂತ್ರ ಮಾಡಿದವಳು ನಾನು. ಬೈಯುವವರಿದ್ದರೆ ಸಾಲಾಗಿ ಬರಬಹುದು, ಆದರೆ ಮೊದಲು ಪೂರ್ತಿ ಕೇಳಿಸಿಕೊಳ್ಳಿ. ಕೇಳಿಸಿಕೊಳ್ಳುವುದು ಎಂಥ ದೊಡ್ಡ ಕೆಲಸ ಎಂದು ನನಗೆ ಗೊತ್ತಾಗಿದ್ದು ತೀರಾ ತಡವಾಗಿ.

ನನ್ನ ಹೆಸರು ಯಶೋಮತಿ. ಬೆಂಗಳೂರಿನ ಕರ್ಣಿಕಾ ಎಂಬ ಕಂಪನಿಯಲ್ಲಿ ಧ್ವನಿ ವಿಭಾಗದ ಮುಖ್ಯಸ್ಥೆ. ನಾವು ಮೊದಲು ಮಾಡುತ್ತಿದ್ದುದು ಕಾಲ್ ಸೆಂಟರ್‌ಗಳ ಕೆಲಸ. ಮಂಡ್ಯದ ಹುಡುಗಿ ಇಲ್ಲಿ ಕೂತು ಇಂಗ್ಲಿಷಿನಲ್ಲಿ ಮಾತನಾಡಿದರೆ ಟೆಕ್ಸಾಸಿನಲ್ಲಿ ಫೋನ್ ಹಿಡಿದವನಿಗೆ ಪಕ್ಕದ ಮನೆಯವಳೇ ಮಾತನಾಡಿದಂತೆ ಕೇಳಿಸಬೇಕು, ಅದು ನಮ್ಮ ಕೈಚಳಕ. ಧ್ವನಿ ಅವಳದೇ, ಉಚ್ಚಾರ ಮಾತ್ರ ಬೇರೆ. ಮುಕ್ಕಾಲು ಸೆಕೆಂಡಿನೊಳಗೆ ಈ ಅದಲುಬದಲು ಮುಗಿಯುತ್ತಿತ್ತು. ಉಚ್ಚಾರ ಬದಲಿಸುವವರು ಮಾತನ್ನೇ ಬದಲಿಸಬಾರದೇಕೆ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ. ಹೊಳೆದದ್ದು ನನಗೆ, ನನ್ನ ಗ್ರಹಚಾರಕ್ಕೆ.

ಮುನಿಕೃಷ್ಣ ನನ್ನ ಜೊತೆಗೇ ಕೆಲಸಕ್ಕೆ ಸೇರಿದವನು. ಹದಿನೈದು ವರ್ಷ ಎದುರುಬದುರು ಮೇಜು. ಅವನು ಸಿಂಗೇನಕುಂಟೆಯವನು. ಒಂದು ಕಾಲಕ್ಕೆ ಅದು ಹಳ್ಳಿ, ಈಗ ಊರಿನ ಹೊಟ್ಟೆಯೊಳಗೆ ಸೇರಿಕೊಂಡಿರುವ ಮೂವತ್ತು ಚಿಲ್ಲರೆ ಮನೆಗಳ ಎರಡು ಬೀದಿ. ಬೆಂಗಳೂರು ತಮ್ಮೂರಿಗೆ ಬಂದು ಸೇರಿತೇ ಹೊರತು ತಾವೇನೂ ಬೆಂಗಳೂರಿಗೆ ಬಂದವರಲ್ಲ ಎಂಬುದು ಅವನ ಜಂಬ. ಸಿಟ್ಟು ಬಂದರೆ ಅವನ ಬಾಯಲ್ಲಿ 'ಇದೆ' ಹೋಗಿ 'ಐತೆ' ಬರುತ್ತಿತ್ತು, ನಾನು 'ಅಮ್ಮಣ್ಣಿ' ಆಗುತ್ತಿದ್ದೆ. ಚುನಾವಣೆ, ಮೀಸಲಾತಿ, ಮೆಟ್ರೋ ದಾರಿ, ಯಾವುದರಲ್ಲೂ ನಮಗಿಬ್ಬರಿಗೆ ಒಮ್ಮತ ಇರಲಿಲ್ಲ. ದಿನಾ ನಾಲ್ಕು ಗಂಟೆಗೆ ಕ್ಯಾಂಟೀನಿನಲ್ಲಿ ಒಂದು ಬೈ-ಟೂ ಕಾಫಿ ಹೇಳಿ ವಾದಕ್ಕೆ ಕೂರುತ್ತಿದ್ದೆವು. ನಮ್ಮದೊಂದು ಕಟ್ಟಳೆ ಇತ್ತು. ವಾದದಲ್ಲಿ ಸೋತವರು ಕಾಫಿಯನ್ನು ಎರಡು ಲೋಟಕ್ಕೆ ಹಂಚಬೇಕು, ಗೆದ್ದವರು ತಮ್ಮ ಲೋಟ ಮೊದಲು ಆರಿಸಿಕೊಳ್ಳಬೇಕು. ಕಾಫಿ ಕುಡಿದ ಮೇಲೆ ಆ ದಿನದ ಜಗಳ ಮುಗಿದಂತೆ. ಹದಿನೈದು ವರ್ಷದಲ್ಲಿ ಒಂದು ದಿನವೂ ಇದು ತಪ್ಪಿರಲಿಲ್ಲ.

ಆಮೇಲೆ ಕೆರೆ ಕಾನೂನು ಬಂತು. ನಗರದ ಹಳೇ ಕೆರೆಗಳ ಗೆರೆಯೊಳಗೆ ಎದ್ದಿರುವ ಮನೆಗಳನ್ನೆಲ್ಲ ತೆಗೆದು ಮತ್ತೆ ನೀರು ನಿಲ್ಲಿಸಬೇಕು ಎಂಬ ಕಾನೂನು. ಮಳೆಗಾಲದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರುಗಳು ತೇಲುತ್ತಿದ್ದವು, ಮಾರ್ಚ್ ಬಂದರೆ ಕುಡಿಯಲು ಹನಿ ನೀರಿರುತ್ತಿರಲಿಲ್ಲ. ಹಾಗಾಗಿ ನಾನು ಕಾನೂನಿನ ಪರ. ಇವತ್ತಿಗೂ ಪರವೇ, ಅದನ್ನೇನೂ ಮುಚ್ಚಿಡುವುದಿಲ್ಲ. ಮುನಿ ವಿರುದ್ಧ. ದೊಡ್ಡವರ ಟವರು ಬಿಟ್ಟು ಬಡವರ ಗೋಡೆಗೇ ಜೆಸಿಬಿ ಬರುತ್ತದೆ ಎಂದು ಅವನ ವಾದ. ಅದೂ ಸುಳ್ಳಲ್ಲ.

ಆಫೀಸು ಎರಡು ಹೋಳಾಯಿತು. ಮೂರನೇ ಮಹಡಿಯಲ್ಲಿ ಒಬ್ಬ ಪುಣ್ಯಾತ್ಮ ಇನ್ನೊಬ್ಬನ ಕೀಬೋರ್ಡಿನ ಮೇಲೆ ಬಿಸಿ ಸಾಂಬಾರು ಸುರಿದ. ಕೆರೆಯ ಪರದವರು ಬರೆದ ಪ್ರೋಗ್ರಾಮನ್ನು ಮನೆಯ ಪರದವರು ಪರೀಕ್ಷೆ ಮಾಡಲೊಲ್ಲರು. ಕಂಪನಿ ಮೊದಲು ರಾಜಕೀಯ ಮಾತನಾಡಕೂಡದು ಎಂದು ಸುತ್ತೋಲೆ ಕಳಿಸಿತು. ಜನ ಶೌಚಾಲಯದಲ್ಲಿ ಮಾತನಾಡಿದರು. ಆಮೇಲೆ ತರಬೇತಿ ಇಟ್ಟಿತು, ತರಬೇತಿಯಲ್ಲೇ ಹೊಡೆದಾಡಿಕೊಂಡರು. ಕೊನೆಗೆ ನಮ್ಮ ನಿರ್ದೇಶಕ ದೇಸಾಯಿಯವರು ನನ್ನನ್ನು ಕರೆದು, ಈ ಕಟ್ಟಡದಲ್ಲಿ ಜಗಳವಾಡಿಯೂ ಒಟ್ಟಿಗೆ ಕಾಫಿ ಕುಡಿಯುವವರು ನೀವಿಬ್ಬರೇ, ನಿಮ್ಮ ಮಾತು ಹೇಗೆ ನಡೆಯುತ್ತದೆ ಎಂದು ಯಂತ್ರಕ್ಕೆ ಕಲಿಸಬಹುದೇ ಎಂದು ಕೇಳಿದರು. ನನಗೆ ಹೆಮ್ಮೆಯಾಯಿತು, ಯಾಕೆ ಸುಳ್ಳು ಹೇಳಲಿ? ನಲವತ್ತು ದಿನ ನಮ್ಮ ನಾಲ್ಕು ಗಂಟೆಯ ಜಗಳವನ್ನು ಮೈಕ್ ಇಟ್ಟು ಮುದ್ರಿಸಿಕೊಂಡೆವು.

ಯಂತ್ರ ಎಂದರೆ ಕಡಲೆಬೀಜದಷ್ಟು ದಪ್ಪದ ಒಂದು ಇಯರ್‌ಫೋನು, ಜೊತೆಗೆ ನಾಡಿ ನೋಡುವ ಒಂದು ಕೈಪಟ್ಟಿ. ಎದುರಿನವರು ಸಿಟ್ಟು ಬರಿಸುವಂಥದ್ದೇನಾದರೂ ಹೇಳಿದರೆ ಯಂತ್ರ ಅದನ್ನು ಹಿಡಿದು, ಅವರದೇ ಧ್ವನಿಯಲ್ಲಿ ಬೇರೆ ಮಾತು ಕಟ್ಟಿ ನಮ್ಮ ಕಿವಿಗೆ ಬಿಡುತ್ತದೆ. ತುಟಿ ಸ್ವಲ್ಪ ತಾಳ ತಪ್ಪಿದರೂ ಕಣ್ಣು ಅದನ್ನು ಮನ್ನಿಸುತ್ತದೆ. ಕಂಪನಿ ಅದಕ್ಕೆ 'ಸೌಹಾರ್ದ' ಎಂದು ಹೆಸರಿಟ್ಟಿತು. ಜನ 'ಹತ್ತಿ' ಎಂದರು.

ಒಂದೇ ತೊಡಕು. ರಾಜಕೀಯ ಯಾವುದು, ಯಾವುದಲ್ಲ ಎಂದು ಯಂತ್ರಕ್ಕೆ ಹೇಳಿಕೊಡಬೇಕಲ್ಲ? ಮೂರು ತಿಂಗಳು ಲ್ಯಾಬಿನಲ್ಲಿ ಕೂತು ಪಟ್ಟಿ ಮಾಡಿದೆವು. ನಲ್ಲಿ ನೀರು ರಾಜಕೀಯವೇ? ಶಾಲೆಯ ಊಟದ ಮೊಟ್ಟೆ? ಅಂಗಡಿಯ ಬೋರ್ಡಿನ ಭಾಷೆ? ಎಲ್ಲೂ ಗೆರೆ ಸಿಗಲಿಲ್ಲ. ಕೊನೆಗೊಂದು ಸಂಜೆ ತಲೆ ಕೆಟ್ಟು ನಾನೇ ಹೇಳಿದೆ, ಯಾವ ಮಾತಿಗೆ ನಾಡಿ ಏರುತ್ತದೋ ಅದೇ ರಾಜಕೀಯ ಅಂತ ಇಟ್ಟುಕೊಳ್ಳಿ, ಮುಗೀತು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಂತ್ರ ಬೇಗ ಕಲಿಯಲಿ ಎಂದು ಇನ್ನೊಂದು ಅನುಕೂಲ ಸೇರಿಸಿದೆ: ಪ್ರತಿಯೊಬ್ಬರೂ ತಮಗೆ ಕಿರಿಕಿರಿ ಮಾಡುವ ಪದಗಳ ಪಟ್ಟಿ ಬರೆದುಕೊಟ್ಟರೆ ಆ ಪದ ಬಂದ ಮಾತನ್ನು ಮೊದಲ ದಿನದಿಂದಲೇ ತಡೆಯಬಹುದು. ಪಟ್ಟಿ ಗುಟ್ಟಾಗಿರುತ್ತದೆ, ಬೇರೆ ಯಾರೂ ನೋಡುವಂತಿಲ್ಲ.

ಮುನಿ ತನ್ನ ಪಟ್ಟಿಯನ್ನು ಖಾಲಿ ಬಿಟ್ಟು ಕೊಟ್ಟ. ಜಗಳ ತನಗೆ ಚೆನ್ನಾಗಿ ಜೀರ್ಣವಾಗುತ್ತದೆ ಎಂದ.

ನನ್ನ ಪಟ್ಟಿಯ ಕಥೆ ಬೇರೆ. ಲ್ಯಾಬಿನ ಕೆಲಸದ ಜೊತೆಗೇ ಸಾಗಿದ್ದ ಮುದ್ರಣದ ನಲವತ್ತನೇ, ಕೊನೆಯ ದಿನ ಅವನನ್ನು ಪೂರ್ತಿ ಸೋಲಿಸಬೇಕೆಂದು ಮನೆಯಿಂದ ಅಪ್ಪನ ಪುಸ್ತಕ ತಂದಿದ್ದೆ. ಅಪ್ಪ ಧರಣೇಂದ್ರಯ್ಯ ಸರ್ವೆ ಇಲಾಖೆಯಲ್ಲಿದ್ದವರು. ಸರಪಳಿ ಹಿಡಿದು ಈ ಊರಿನ ಕೆರೆಗಳನ್ನೆಲ್ಲ ಅಳೆದವರು. ಇಲಾಖೆಯ ಕಡತಗಳು ಒಂದು ಬೆಂಕಿಯಲ್ಲಿ ಹೋದವು. ಅಪ್ಪನ ಸ್ವಂತ ಪುಸ್ತಕ ಉಳಿದಿತ್ತು, ಕೆಂಪು ಬೈಂಡು, ಪೆನ್ಸಿಲ್ ನಕ್ಷೆಗಳು, ಪ್ರತಿ ಹಾಳೆಗೂ ಊರ ಪಟೇಲನ ರುಜು. ನಿಮ್ಮೂರು ಕೆರೆಯೊಳಗೇ ಕೂತಿದೆ, ನೋಡಿಕೋ ಎಂದು ಅವನ ಮುಂದೆ ತೆರೆದಿಟ್ಟೆ. ಅವನು ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಿದ. ಆಮೇಲೆ ನಗುವುದಕ್ಕೆ ಶುರು ಮಾಡಿದ.

"ಅಮ್ಮಣ್ಣಿ, ಸರಿಯಾಗಿ ನೋಡು. ಕೆರೆ ಗೆರೆ ಇಲ್ಲೈತೆ. ನಮ್ಮೂರು ಗೆರೆಯಿಂದಾಚೆ ಐತೆ. ನಿಮ್ಮಪ್ಪನೇ ನನ್ನ ಸಾಕ್ಷಿ."

ನೋಡಿದರೆ ನಿಜ. ಸಿಂಗೇನಕುಂಟೆ ಕೆರೆ ಗೆರೆಯಿಂದಾಚೆ, ಊರಿಗೆಂದೇ ಬಿಟ್ಟ ಗ್ರಾಮಠಾಣದಲ್ಲಿತ್ತು. ಅಕ್ಕಪಕ್ಕದ ಮೇಜಿನವರೆಲ್ಲ ನಕ್ಕರು, ಮೈಕು ಅದನ್ನೂ ಮುದ್ರಿಸಿಕೊಂಡಿತು. ನನ್ನ ಅಪ್ಪನ ಪುಸ್ತಕದಿಂದಲೇ ನಾನು ಸೋತಿದ್ದೆ. ಸೋತವಳು ಕಾಫಿ ಹಂಚಬೇಕಿತ್ತು. ನಾನು ಲೋಟ ಮುಟ್ಟದೆ ಎದ್ದು ಬಂದೆ, ಹದಿನೈದು ವರ್ಷದಲ್ಲಿ ಮೊದಲ ಸಲ. ಅದೇ ಸಂಜೆ ಸಿಟ್ಟಿನಲ್ಲೇ ಕೂತು ಪಟ್ಟಿ ತುಂಬಿದೆ: ಸಿಂಗೇನಕುಂಟೆ, ಕೆರೆ ಗೆರೆ, ಅಪ್ಪನ ಪುಸ್ತಕ. ಮಾರನೇ ದಿನ ಸಿಟ್ಟು ಇಳಿಯಿತು. ಪಟ್ಟಿ ಬರೆದದ್ದೇ ಮರೆತುಹೋಯಿತು.

ಮುಂದಿನ ಎರಡು ವರ್ಷ ಸ್ವರ್ಗ. ಕೆಲಸ ಚುರುಕಾಯಿತು, ದೂರುಗಳು ನಿಂತವು, ಸಾಂಬಾರು ಸುರಿದವನೂ ಸುರಿಸಿಕೊಂಡವನೂ ಒಟ್ಟಿಗೆ ಊಟಿಗೆ ಹೋಗಿ ಬಂದರು. ಬೇರೆ ಕಂಪನಿಗಳು ಕೊಂಡವು, ಬ್ಯಾಂಕುಗಳು ಕೊಂಡವು. ಆಫೀಸಿನಲ್ಲಿ ಹತ್ತಿ ಕಡ್ಡಾಯವಾಯಿತು, ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ತೆಗೆದಿಟ್ಟರೆ ಮೇಲಿನವರಿಗೆ ಸುದ್ದಿ ಹೋಗುತ್ತಿತ್ತು. ಜನ ಅದನ್ನು ಮನೆಗೂ ಹಾಕಿಕೊಂಡು ಹೋಗತೊಡಗಿದರು. ಅತ್ತೆ ಸೊಸೆಯರು ನಮ್ಮ ಕಂಪನಿಗೆ ಕೈ ಮುಗಿದರು.

ನಾನೂ ಮನೆಯಲ್ಲಿ ಹಾಕಿಕೊಳ್ಳುತ್ತಿದ್ದೆ. ಮನೆಯಲ್ಲಿ ಇರುವುದು ನಾನು, ಅಪ್ಪ, ಇಬ್ಬರೇ. ಅಪ್ಪನಿಗೆ ಬೆಳಿಗ್ಗೆ ಪೇಪರನ್ನು ಗಟ್ಟಿಯಾಗಿ ಓದುವ ಚಾಳಿ. ಓದಿ ಸರ್ಕಾರಕ್ಕೆ, ವಿರೋಧ ಪಕ್ಷಕ್ಕೆ, ಆಮೇಲೆ ನನಗೆ, ಹೀಗೆ ಸರದಿಯಲ್ಲಿ ಬೈಯುತ್ತಿದ್ದರು. ಹತ್ತಿ ಹಾಕಿದ ಮೇಲೆ ಬೆಳಗಿನ ಹೊತ್ತು ಅಪ್ಪ ಹವಾಮಾನದ ಬಗ್ಗೆ, ತರಕಾರಿಯ ಬಗ್ಗೆ ಬಲು ಸೊಗಸಾಗಿ ಮಾತನಾಡುತ್ತಿದ್ದರು. ವಯಸ್ಸಾಗಿ ಅಪ್ಪ ಮೆತ್ತಗಾದರು ಎಂದುಕೊಂಡೆ. ಮುನಿಯೂ ಹಾಗೇ ಮೆತ್ತಗಾಗಿದ್ದ. ನಾಲ್ಕು ಗಂಟೆಗೆ ಕೂರುತ್ತಿದ್ದೆವು, ಆದರೆ ಸೋಲುವವರು ಗೆಲ್ಲುವವರು ಇಲ್ಲದ ಮೇಲೆ ಬೈ-ಟೂ ಯಾಕೆ? ಇಬ್ಬರಿಗೂ ಬೇರೆ ಬೇರೆ ಕಪ್ಪು ಬರುತ್ತಿತ್ತು. ಎರಡು ವರ್ಷ ಅವನ ಬಾಯಲ್ಲಿ ಒಂದು 'ಐತೆ' ಕೇಳಲಿಲ್ಲ. ಅದು ನನ್ನ ಗಮನಕ್ಕೂ ಬರಲಿಲ್ಲ, ನೋಡಿ, ಧ್ವನಿ ವಿಭಾಗದ ಮುಖ್ಯಸ್ಥೆ ನಾನು!

ಮೊನ್ನೆ ಜೂನ್ ತಿಂಗಳಲ್ಲಿ ಮುನಿ ಮೂರು ಸಲ ಅಪ್ಪನ ಆರೋಗ್ಯ ವಿಚಾರಿಸಿದ. ಹದಿನೈದು ದಿನದೊಳಗೆ ಮೂರು ಸಲ. ಮೂಳೆ ಡಾಕ್ಟರ ನಂಬರು ಕೊಡಲೇ ಎಂದೂ ಕೇಳಿದ. ಎಷ್ಟು ಒಳ್ಳೆಯವನು ಎಂದು ಅವತ್ತು ಅಪ್ಪನಿಗೆ ಹೇಳಿದೆ. ಅಪ್ಪ ಏನೋ ಸ್ವಲ್ಪ ಉದ್ದವಾಗಿಯೇ ಮಾತನಾಡಿದರು, ನನಗೆ ಕೇಳಿಸಿದ್ದು ಈ ಸಲ ಮಾವು ಸಿಹಿಯಿಲ್ಲ ಎಂದು. ಆಯ್ತಪ್ಪ ಎಂದೆ. ಮಾರನೇ ಬೆಳಿಗ್ಗೆ ಆಫೀಸಿಗೆ ಹೊರಟಾಗ ಚಪ್ಪಲಿ ಗೂಡಿನ ಮೇಲೆ, ನನ್ನ ಬ್ಯಾಗಿನ ಪಕ್ಕ, ಆ ಕೆಂಪು ಪುಸ್ತಕ ಇತ್ತು. ಅಪ್ಪ ಹಳೆಯದನ್ನು ನೆನೆಸಿಕೊಂಡು ತೆಗೆದಿರಬೇಕು, ಇಲ್ಲಿ ಧೂಳಾಗುತ್ತದೆ ಎಂದು ಜೋಪಾನವಾಗಿ ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಈ ಕೈಯಿಂದಲೇ ಇಟ್ಟೆ.

ತಿಂಗಳ ಕೊನೆಗೆ ಒಂದು ದಿನ ಮುನಿ ಬಂದು ತಾವು ಮನೆ ಬದಲಾಯಿಸಿದೆವು ಎಂದ. ಮುಖ ಬಾಡಿತ್ತು, ಸಾಮಾನು ಸಾಗಿಸಿದ ಸುಸ್ತು ಎಂದುಕೊಂಡೆ. ಗೃಹಪ್ರವೇಶಕ್ಕೆ ಕರೆಯಲಿಲ್ಲವೆಂದರೆ ನೋಡು ಎಂದು ಛೇಡಿಸಿದೆ. ಅವನು ತಲೆಯಾಡಿಸಿ ಹೋದ. ಅಲ್ಲಿಂದಾಚೆ ನಾಲ್ಕು ಗಂಟೆಗೆ ಕ್ಯಾಂಟೀನಿಗೆ ಬರಲಿಲ್ಲ. ಹೊಸ ಮನೆಯ ಓಡಾಟವಿರಬೇಕು ಎಂದು ನಾನೂ ಬಿಟ್ಟೆ.

ಜುಲೈ ಮೊದಲ ವಾರ ನನ್ನ ಕಿವಿ ಸೋರತೊಡಗಿತು. ಎರಡು ವರ್ಷ ಹಗಲಿಡೀ ಬಿರಡೆ ಜಡಿದರೆ ಇನ್ನೇನಾಗುತ್ತದೆ? ಒಂದು ವಾರ ಕಿವಿಗೆ ಏನೂ ಹಾಕಬೇಡಿ ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಮರುದಿನ ಬೆಳಿಗ್ಗೆ ಬರಿಗಿವಿಯಲ್ಲಿ ಅಡುಗೆಮನೆಯಲ್ಲಿ ನಿಂತು ದೋಸೆ ಹುಯ್ಯುತ್ತಿದ್ದೆ. ಅಪ್ಪ ಪೇಪರ್ ಓದಿದರು. ಎರಡು ವರ್ಷದ ಮೇಲೆ ಅಪ್ಪನ ನಿಜವಾದ ಓದು.

"ಸಿಂಗೇನಕುಂಟೆಯಲ್ಲಿ ಮೂವತ್ತೊಂದು ಮನೆ ನೆಲಸಮ. ಕಾರ್ಯಾಚರಣೆ ಮುಗಿದಿದೆ." ಅಪ್ಪ ಪೇಪರು ಮಡಿಸಿದರು. "ಮುಗೀತಂತೆ. ಪಾಪಿಗಳು. ನಾನೇ ಅಳೆದಿದ್ದೆ, ಅದು ಗೆರೆಯಿಂದಾಚೆ ಇರೋ ಊರು."

ದೋಸೆ ಸೀದುಹೋಯಿತು. ನಾನು ಹೊರಗೆ ಬಂದು ಯಾವ ಸಿಂಗೇನಕುಂಟೆ ಎಂದು ಕೇಳಿದೆ, ದಡ್ಡಿಯ ಹಾಗೆ. ಅಪ್ಪ ನನ್ನ ಮುಖವನ್ನೇ ನೋಡಿದರು.

"ಯಾವುದು ಅಂದ್ರೆ? ನಿನ್ನ ಸ್ನೇಹಿತನ ಊರು ಕಣಮ್ಮ. ಆ ಹುಡುಗ ನಂಗೆ ಫೋನ್ ಮಾಡಿ ಪುಸ್ತಕ ಕೇಳಿದ. ನಿನ್ನ ಕೈಲಿ ಕಳಿಸ್ತೀನಿ ಅಂದೆ. ನಿಂಗೆ ಹೇಳಿ, ಬ್ಯಾಗ್ ಪಕ್ಕ ಇಟ್ಟೆ. ನೀನು ಆಯ್ತಪ್ಪ ಅಂದೆ. ಕೊಡ್ಲಿಲ್ವಾ?"

ಬೀರು ತೆಗೆದು ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡು, ತಿಂಡಿ ತಿನ್ನದೆ ಆಫೀಸಿಗೆ ಓಡಿದೆ.

ಲ್ಯಾಬಿನಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಹತ್ತಿ ಎರಡೂ ಕಡೆಯ ಮಾತನ್ನು ಉಳಿಸಿಕೊಳ್ಳುತ್ತದೆ, ಹೇಳಿದ್ದೇನು, ಕೇಳಿಸಿದ್ದೇನು ಎಂದು. ನಮ್ಮ ಸಂಶೋಧನೆಗೆಂದು ನಾನೇ ಇಟ್ಟ ವ್ಯವಸ್ಥೆ ಅದು. ಎರಡು ವರ್ಷದಲ್ಲಿ ಒಂದು ಸಲವೂ ತೆಗೆದು ನೋಡಿರಲಿಲ್ಲ, ದೂರು ಬಂದರೆ ತಾನೇ ನೋಡುವುದು? ಜೂನ್ ತಿಂಗಳು, ನನ್ನ ಹೆಸರು, ಮುನಿಯ ಹೆಸರು ಹಾಕಿ ಹುಡುಕಿದೆ.

ಮೊದಲನೆಯದು ಜೂನ್ ಮೂರು.

ಅವನು ಹೇಳಿದ್ದು: "ಯಶೋಮತಿ, ಸಿಂಗೇನಕುಂಟೆಗೆ ನೋಟಿಸ್ ಬಂದೈತೆ. ಹದಿನೈದು ದಿನ ಟೈಮು. ನಿಮ್ಮಪ್ಪನ ಪುಸ್ತಕ ಇದ್ರೆ ಊರು ಉಳೀತದೆ."

ನನಗೆ ಕೇಳಿಸಿದ್ದು: "ಯಶೋಮತಿ, ನಿಮ್ಮಪ್ಪ ಹೇಗಿದ್ದಾರೆ? ಕೇಳಬೇಕು ಅಂತ ಎಷ್ಟು ದಿನದಿಂದ ಅಂದ್ಕೊಂಡಿದ್ದೆ."

ನಾನು ಹೇಳಿದ್ದು: "ಚೆನ್ನಾಗಿದ್ದಾರೆ ಕಣೋ, ಮಂಡಿ ನೋವೊಂದು ಬಿಟ್ರೆ."

ಅವನಿಗೆ ಕೇಳಿಸಿದ್ದು: "ಆಯ್ತು ಕಣೋ, ಬೀರುವಿನಲ್ಲೇ ಇದೆ. ನಾಳೆ ತರ್ತೀನಿ."

ಕೊನೆಯ ಸಾಲನ್ನು ನಾಲ್ಕು ಸಲ ಓದಿದೆ. ನಾನು ಹಾಗೆ ಹೇಳಿರಲೇ ಇಲ್ಲ. ಆಮೇಲೆ ಅರ್ಥವಾಯಿತು. ಅವನ ಪಟ್ಟಿ ಖಾಲಿ, ಹಾಗಾಗಿ ಅವನ ಯಂತ್ರಕ್ಕೆ ನಾಡಿಯೊಂದೇ ದಿಕ್ಕು. ಊರು ಹೋಗುತ್ತಿರುವವನ ನಾಡಿ ನೂರಾ ಮೂವತ್ತಕ್ಕೆ ಏರಿತ್ತು. ಅಂಥ ಹೊತ್ತಿನಲ್ಲಿ ನಾನು ಮಂಡಿ ನೋವಿನ ಪುರಾಣ ಹೇಳಿದ್ದು ಕೇಳಿದ್ದರೆ ಇನ್ನೂ ಏರುತ್ತಿತ್ತು. ಯಾವ ಮಾತಿಗೆ ನಾಡಿ ಇಳಿಯುತ್ತದೋ ಆ ಮಾತನ್ನು ಯಂತ್ರ ಹುಡುಕಿ, ನನ್ನ ಧ್ವನಿಯಲ್ಲೇ, ನಲವತ್ತು ದಿನದ ಮುದ್ರಣದಿಂದ ಕಲಿತ ನಮ್ಮ ಸಲಿಗೆಯಲ್ಲೇ ಅವನಿಗೆ ಹೇಳಿತ್ತು. ಅದಕ್ಕೆ ನಾವು ಕಲಿಸಿದ್ದೂ ಅದನ್ನೇ.

ಜೂನ್ ಹತ್ತರಂದು ಅವನು ಹೇಳಿದ್ದು ಹೀಗೆ: "ನಿಮ್ಮಪ್ಪನ ಪುಸ್ತಕ ನಾಳೆ ನಾಳೆ ಅಂತ ಒಂದು ವಾರ ಆಯ್ತು ಅಮ್ಮಣ್ಣಿ. ನಮ್ಮಮ್ಮ ಊಟ ಬಿಟ್ಟವ್ಳೆ." ನನಗೆ ಕೇಳಿಸಿದ್ದು ಮೂಳೆ ಡಾಕ್ಟರ ವಿಷಯ. ಈಗೇನೂ ಬೇಡ, ಬೇಕಾದಾಗ ಕೇಳುತ್ತೇನೆ ಎಂದಿದ್ದೆ. ಅವನಿಗೆ ಕೇಳಿಸಿದ್ದು, ಮರೆತೇ ಹೋಯಿತು, ನಾಳೆ ಖಂಡಿತ.

ಹದಿನೇಳನೇ ತಾರೀಖು ಮೂರನೆಯದು. ಸಿಂಗೇನಕುಂಟೆಗೆ ನಾಳೆ ಕೊನೆಯ ದಿನ ಎಂದು ಅವನು ಹೇಳಿದ್ದ. ಅಪ್ಪನಿಗೆ ನಮಸ್ಕಾರ ತಿಳಿಸು ಎಂದು ನನಗೆ ಕೇಳಿಸಿತ್ತು. ಖಂಡಿತ ತಿಳಿಸುತ್ತೇನೆ ಎಂದಿದ್ದೆ. ಅದು ಅವನ ಕಿವಿಗೆ ಹೀಗೆ ಹೋಗಿತ್ತು: "ಬೆಳಿಗ್ಗೆ ನಾನೇ ನೇರ ಕೆರೆ ಆಫೀಸಿಗೆ ಪುಸ್ತಕ ತರ್ತೀನಿ, ನೀನು ಗೇಟ್ ಹತ್ರ ಇರು."

ಮಾರನೇ ದಿನ ಅವನು ರಜೆ ಹಾಕಿದ್ದ. ನನಗೆ ನೆನಪಿತ್ತು.

ಜೂನ್ ಇಪ್ಪತ್ತೊಂಬತ್ತರದನ್ನು ಓದಲಾರೆ ಎಂದುಕೊಂಡೆ, ಆದರೂ ಓದಿದೆ. "ಸಿಂಗೇನಕುಂಟೆ ಮನೆ ಹೋಯ್ತು ಯಶೋಮತಿ." ಅಷ್ಟೇ ಅವನು ಹೇಳಿದ್ದು. ಅದಕ್ಕೆ ನಾನು ನಗುತ್ತಾ ಹೇಳಿದ ಗೃಹಪ್ರವೇಶದ ಮಾತು, ಅವನ ಕಿವಿಗೆ ಹೋಗುವಷ್ಟರಲ್ಲಿ, ತುಂಬಾ ಬೇಜಾರಾಯ್ತು ಕಣೋ ಎಂದಾಗಿತ್ತು. ಯಂತ್ರಕ್ಕೆ ನನಗಿಂತ ಮರ್ಯಾದೆ ಇತ್ತು. ಮೇಜಿನ ಮೇಲೆ ತಲೆಯಿಟ್ಟು ಅತ್ತೆ.

ಒಂದು ಮಾತು ಹೇಳುತ್ತೇನೆ. ಅವನು ಪುಸ್ತಕ ಕೇಳಿದ್ದು ನನಗೆ ಕೇಳಿಸಿದ್ದರೆ ಕೊಡುತ್ತಿದ್ದೆ. ನಿನ್ನ ಮನೆಯೊಂದು ಉಳಿಯಲಿ, ಆದರೆ ಕಾನೂನು ಸರಿಯೇ ಎಂದು ಅವನಿಗೆ ನಾಲ್ಕು ಬೈದು, ಬೈದುಕೊಂಡೇ ಕೊಡುತ್ತಿದ್ದೆ. ನಮ್ಮ ಜಗಳ ಬದುಕಿದ್ದಿದ್ದರೆ ಸಿಂಗೇನಕುಂಟೆಯೂ ಬದುಕಿರುತ್ತಿತ್ತು.

ದೇಸಾಯಿಯವರು ಬರುವುದನ್ನೇ ಕಾದು ಅವರ ಕೋಣೆಗೆ ನುಗ್ಗಿದೆ. ಹತ್ತಿಯನ್ನು ಇವತ್ತೇ ನಿಲ್ಲಿಸಬೇಕು, ಇದರಿಂದ ಒಂದು ಊರೇ ಹೋಗಿದೆ, ನಾಡಿಯನ್ನು ನಂಬಿದ್ದು ನನ್ನ ತಪ್ಪು ಎಂದು ನಿಂತಲ್ಲೇ ಎಲ್ಲ ಹೇಳಿದೆ. ಅವರು ತಲೆಯಾಡಿಸುತ್ತಾ ಕೇಳಿದರು. ಅವರ ಕೈಪಟ್ಟಿಯಲ್ಲಿ ನಾಡಿ ತೋರಿಸುವ ದೀಪ ಮೊದಲು ಕೆಂಪಗಿತ್ತು, ಕ್ರಮೇಣ ಹಸಿರಾಯಿತು. ಎದ್ದು ನಿಂತು ನನ್ನ ಕೈ ಕುಲುಕಿದರು. ಎಲ್ಲ ನಿಮ್ಮಿಂದಲೇ ಆದದ್ದು, ನೀವು ಇಷ್ಟು ಸಂಕೋಚಪಡಬೇಕಾಗಿಲ್ಲ ಎಂದರು. ದೂರನ್ನು ಬರೆದು ಮೇಲ್ ಕಳಿಸಿದೆ. ಆಫೀಸಿನ ಮೇಲ್‌ಗೂ ಅದೇ ಯಂತ್ರ, ಹೋದ ವರ್ಷ ನಾವೇ ಹಾಕಿದ್ದು. ಧನ್ಯವಾದ ಎಂದು ಉತ್ತರ ಬಂತು.

ನಾಲ್ಕು ಗಂಟೆಗೆ ಮುನಿಯ ಮೇಜಿನ ಮುಂದೆ ಹೋಗಿ ನಿಂತೆ. ಬಾಯಿ ಬಿಡಲಿಲ್ಲ, ಬಿಟ್ಟರೆ ಏನು ಕೇಳಿಸುತ್ತದೋ ಯಾರಿಗೆ ಗೊತ್ತು. ನನ್ನ ಬರಿಗಿವಿ ತೋರಿಸಿ, ಅವನದನ್ನೂ ತೆಗೆಯುವಂತೆ ಸನ್ನೆ ಮಾಡಿ, ಕ್ಯಾಂಟೀನಿನ ಕಡೆ ಕೈ ತೋರಿದೆ. ಅವನು ತನ್ನ ಕಂಪ್ಯೂಟರಿನ ಪರದೆ ಆರಿಸಿದ. ಆಮೇಲೆ ಎದ್ದು ಬಂದ.

ಹಳೇ ಮೇಜು. ಒಂದು ಬೈ-ಟೂ ಹೇಳಿದೆ. ಕ್ಯಾಂಟೀನಿನವನು ಆ ಪದ ಕೇಳಿ ಎಷ್ಟು ದಿನವಾಯಿತೋ, ಎರಡು ಖಾಲಿ ಲೋಟ ಹುಡುಕಿ ತಂದ. ಮುನಿ ಕಿವಿಯಿಂದ ಹತ್ತಿ ತೆಗೆದು ಅಂಗೈಯಲ್ಲಿಟ್ಟುಕೊಂಡ. ಐದು ನಿಮಿಷ ಎಂದು ಬೆರಳು ತೋರಿಸಿದ. ಅಮ್ಮನಿಗೆ ಬಾಡಿಗೆ ಮನೆ ಮಾಡಿದವನು, ಅವನಿಗೆ ಈ ಕೆಲಸ ಈಗ ಮೊದಲಿಗಿಂತ ಹೆಚ್ಚು ಬೇಕಿತ್ತು.

ಪುಸ್ತಕವನ್ನು ಮೇಜಿನ ಮೇಲಿಟ್ಟು ಒಂದೇ ಉಸಿರಿಗೆ ಹೇಳಿದೆ. ಪಟ್ಟಿ, ಮಂಡಿ ನೋವು, ಚಪ್ಪಲಿ ಗೂಡು, ಬೀರು, ನಾನು ಹೇಳದೇ ಇದ್ದ ನಾಳೆಗಳು. ಅವನು ಮಧ್ಯೆ ಬಾಯಿ ಹಾಕಲಿಲ್ಲ. ಹಿಂದೆಲ್ಲ ಹತ್ತು ಮಾತಿಗೆ ಒಂಬತ್ತು ಸಲ ಅಡ್ಡ ಬರುತ್ತಿದ್ದವನು. ಪುಸ್ತಕ ತೆರೆದು ಆ ಹಾಳೆ ಹುಡುಕಿದ, ಗೆರೆಯ ಮೇಲೆ ಬೆರಳಿಟ್ಟ.

"ಅಂದ್ರೆ ನೀನು ಒಂದ್ಸಲಾನೂ ತರ್ತೀನಿ ಅನ್ನಲಿಲ್ಲ."

ಇಲ್ಲ ಎಂದೆ.

ಕೊನೆಯ ದಿನ ಬೆಳಿಗ್ಗೆ ಎಂಟರಿಂದ ಸಂಜೆ ಗೇಟು ಹಾಕುವವರೆಗೂ ಅವನು ನಿಂತಿದ್ದನಂತೆ. ಅಧಿಕಾರಿ ಎರಡು ಸಲ ಹೊರಗೆ ಬಂದು ನಿಮ್ಮ ದಾಖಲೆ ಬಂತೇ ಎಂದು ಕೇಳಿದನಂತೆ. ಬರ್ತಾವ್ರೆ ಸಾರ್, ನನ್ನ ಫ್ರೆಂಡು, ಮಾತಿಗೆ ತಪ್ಪೋರಲ್ಲ ಎಂದು ಇವನು ಹೇಳಿದ್ದನಂತೆ. ಅವನಮ್ಮ ಮನೆಯ ಹೊಸ್ತಿಲನ್ನು ಕೀಳಿಸಿ ತಂದಿದ್ದಾರೆ, ಬಾಡಿಗೆ ಮನೆಯಲ್ಲಿ ಮಂಚದ ಕೆಳಗಿದೆ, ಹಬ್ಬದ ದಿನ ಅದನ್ನು ಎಳೆದು ಅರಿಸಿನ ಹಚ್ಚುತ್ತಾರೆ. ಇಷ್ಟನ್ನೂ ಅವನು ಬೇರೆ ಯಾರದೋ ಸುದ್ದಿಯ ಹಾಗೆ ಹೇಳಿದ.

"ಮರೆತ್ಲು ಅಂತ ಬೈಕೊಂಡಿದ್ದೆ," ಎಂದ. "ಮರೆಯೋದು ಮನುಷ್ಯರ ಗುಣ. ಒಂದೆರಡು ವರ್ಷ ಹೋಗಿದ್ರೆ ಕ್ಷಮಿಸ್ತಿದ್ದೆ. ನಮ್ಮೂರ ಹೆಸ್ರೇ ಕಿವಿಗೆ ಬೀಳಬಾರ್ದು ಅಂತ ಬರ್ದುಕೊಟ್ಟಿದ್ದೀಯಲ್ಲ, ಅದನ್ನ ನಾನು ಎಲ್ಲಿ ಇಟ್ಕೊಳ್ಲಿ?"

"ಅವತ್ತು ಸೋತ ಸಿಟ್ಟಲ್ಲಿ ಬರೆದೆ ಮುನಿ."

"ಸೋತೋರು ಕಾಫಿ ಹಂಚಬೇಕಿತ್ತು. ಅಷ್ಟೇ."

ಅವನು ಕೂಗಾಡಿದ್ದರೆ ಚೆನ್ನಾಗಿತ್ತು. ಒಂದು 'ಐತೆ' ಬಂದಿದ್ದರೂ ಸಾಕಿತ್ತು. ಅವನ ಕೈಪಟ್ಟಿ ಕೆಂಪಗೆ ಮಿಣುಕಿ ಕೀಚ್ ಎಂದಿತು, ಐದು ನಿಮಿಷ ಆಗುತ್ತಾ ಬಂದಿತ್ತು. ಅವನು ಅಂಗೈಯಲ್ಲಿದ್ದ ಹತ್ತಿಯನ್ನು ನೋಡಿದ.

"ಇದರೊಳಗೆ ಇರೋಳು ಬರೀ ಮರೆಗುಳಿ," ಎಂದ. "ಆದ್ರೂ ತರ್ತೀನಿ ಅಂತಾಳೆ. ನಂಗೆ ಅವಳೇ ಇರ್ಲಿ ಯಶೋಮತಿ."

ಬೇಡ ಎಂದು ಅವನ ಕೈ ಹಿಡಿಯಲು ಹೋದೆ. ಅಷ್ಟರಲ್ಲಿ ಕಿವಿಗೆ ಇಟ್ಟುಕೊಂಡಿದ್ದ.

ನಾನು ಕಾಫಿಯನ್ನು ಎರಡು ಲೋಟಕ್ಕೆ ಹಂಚಿದೆ. ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ ಬಿತ್ತು. ಎರಡನ್ನೂ ಅವನ ಮುಂದೆ ಸರಿಸಿದೆ. ಅವನು ನೋಡದೆಯೇ ಕಡಿಮೆಯಿದ್ದ ಲೋಟ ತೆಗೆದುಕೊಂಡ.

"ಕ್ಷಮಿಸು ಮುನಿ," ಎಂದೆ. "ನಿನ್ನ ಊರನ್ನ ನಾನೇ ಕಳೆದೆ."

ಅವನು ತಲೆ ಸ್ವಲ್ಪ ವಾಲಿಸಿ ಕೇಳಿಸಿಕೊಂಡ. ಕೈಪಟ್ಟಿಯ ಕೆಂಪು ಆರಿ ಹಸಿರಾಯಿತು. ಮುಖದ ಗಂಟು ಸಡಿಲಗೊಂಡು, ಎಷ್ಟೋ ದಿನದ ಮೇಲೆ ಸಣ್ಣದೊಂದು ನಗು ಬಂತು. ಅಪ್ಪನ ಪುಸ್ತಕ ನಮ್ಮಿಬ್ಬರ ನಡುವೆ ತೆರೆದೇ ಇತ್ತು.

"ಸರಿ ಬಿಡು ಅಮ್ಮಣ್ಣಿ," ಎಂದ. "ನಾಳೆ ಮರೀದೆ ತಾ."